ತಂಡದ ಕೋಡನ್ನು ಹೊಸ ಹೋಸ್ಟಿಂಗ್ ಸೇವೆಗೆ ಸ್ಥಳಾಂತರಿಸುವುದು: ಒಂದು ಸಮಗ್ರ ಮಾರ್ಗದರ್ಶಿ

ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶ ಗಿಟ್. ಅದರಲ್ಲಿರುವ ಕೋಡನ್ನು ಒಂದು ಹೋಸ್ಟಿಂಗ್ ಸೇವೆಯಿಂದ (ಕೋಡನ್ನು ಅಂತರಜಾಲದಲ್ಲಿ ಇಟ್ಟುಕೊಡುವ ತಾಣದಿಂದ) ಇನ್ನೊಂದಕ್ಕೆ ಒಯ್ಯಲು ಎರಡೇ ಎರಡು ಆದೇಶಗಳು ಸಾಕು. ಹಾಗಿದ್ದರೂ ತಂಡಗಳು ಈ ಕೆಲಸದಲ್ಲಿ ವಾರಗಟ್ಟಲೆ ಸಿಕ್ಕಿಕೊಳ್ಳುತ್ತವೆ. ಇಶ್ಯೂಗಳಲ್ಲಿ, ಅಂದರೆ ದೋಷ ಮತ್ತು ಬೇಡಿಕೆಗಳ ನಮೂದುಗಳಲ್ಲಿ, ನಡೆದ ಚರ್ಚೆ, ಯಾರಿಗೆ ಯಾವ ಅನುಮತಿ ಎಂಬ ವ್ಯವಸ್ಥೆ, ಸರ್ವರ್ ತಾನಾಗಿಯೇ ಕೋಡ್ ಎಳೆದುಕೊಳ್ಳಲು ಬಳಸುವ ಕೀ, ಗ್ರಾಹಕರ ಪಾಸ್‌ವರ್ಡ್‌ಗಳನ್ನು ಬಚ್ಚಿಟ್ಟ ಸೀಕ್ರೆಟ್‌ಗಳು, ಬಿಡುಗಡೆಗಳಿಗೆ ಲಗತ್ತಿಸಿದ ಇನ್‌ಸ್ಟಾಲರ್ ಕಡತಗಳು — ಇವು ಯಾವುವೂ ಗಿಟ್‌ನ ಒಳಗಿರುವುದಿಲ್ಲ, ಆದ್ದರಿಂದ ಆ ಎರಡು ಆದೇಶಗಳ ಜೊತೆ ಬರುವುದೂ ಇಲ್ಲ. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಹೀಗೆ ಹಿಂದೆ ಉಳಿಯುವ ಸಂಗತಿಗಳಿಗೇ ಮೀಸಲು.

ವಿವರಣೆಗೆ ಅನುಕೂಲವಾಗಲೆಂದು ತುಮಕೂರಿನ ಒಂದು ಸಣ್ಣ ತಂಡವನ್ನು ಕಲ್ಪಿಸಿಕೊಳ್ಳೋಣ. ತಿಪಟೂರಿನ ಕೊಬ್ಬರಿ ಮಂಡಿಗಳಿಗೆ ಹರಾಜು, ತೂಕ, ಹಮಾಲಿ ಮತ್ತು ದಲ್ಲಾಳಿ ಲೆಕ್ಕದ ತಂತ್ರಾಂಶ ಮಾಡಿಕೊಡುವ ತಂಡ ಇದು. ಇಬ್ಬರು ತುಮಕೂರಿನ ಕಚೇರಿಯಲ್ಲಿ ಕುಳಿತು ಕೆಲಸ ಮಾಡುತ್ತಾರೆ, ಒಬ್ಬರು ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತಾರೆ, ಇನ್ನೊಬ್ಬರು ತಿಪಟೂರಿನಲ್ಲೇ ಇದ್ದು ಮಂಡಿಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಾರೆ. ಕೋಡ್ ಮಾತ್ರವಲ್ಲದೆ ತಾಲ್ಲೂಕುವಾರು ದರಪಟ್ಟಿ, ರಸೀದಿ ನಮೂನೆ, ಬಳಕೆಯ ಕೈಪಿಡಿ ಎಲ್ಲವೂ ಒಂದೇ ಕಡೆ ಇವೆ, ಹಲವು ಕಡತಗಳ ಹೆಸರು ಕನ್ನಡದಲ್ಲೇ ಇದೆ.

ಒಂದು ಸೂಚನೆ: ಆದೇಶಗಳನ್ನು ಇಲ್ಲಿ ಓದುವ ಅನುಕೂಲಕ್ಕಾಗಿ ಕನ್ನಡ ಅಕ್ಷರಗಳಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಏಕೆ, ಎಲ್ಲಿಗೆ

ಸ್ಥಳಾಂತರಕ್ಕೆ ಕಾರಣ ಶುಲ್ಕವಿರಬಹುದು, ನಿಯಮಗಳ ಬದಲಾವಣೆಯಿರಬಹುದು, ಇಲ್ಲವೇ ಸೇವೆಯೇ ಮುಚ್ಚುತ್ತಿರಬಹುದು. ಮೂರನೆಯದು ಅಪರೂಪವೇನಲ್ಲ. ಗೂಗಲ್ ಕೋಡ್ ತನ್ನ ಮುಚ್ಚುವಿಕೆಯನ್ನು 2015ರ ಮಾರ್ಚ್‌ನಲ್ಲಿ ಪ್ರಕಟಿಸಿ, ಅದೇ ಆಗಸ್ಟ್‌ನಲ್ಲಿ ಓದಲು ಮಾತ್ರ ಎಂಬ ಸ್ಥಿತಿಗೆ ಬಂದು, 2016ರ ಜನವರಿಯಲ್ಲಿ ಬಾಗಿಲು ಹಾಕಿತು. ಗಿಟೋರಿಯಸ್ ಅನ್ನು 2015ರಲ್ಲಿ ಗಿಟ್‌ಲ್ಯಾಬ್ ಕೊಂಡುಕೊಂಡು ಅದೇ ವರ್ಷ ನಿಲ್ಲಿಸಿತು. ಬಿಟ್‌ಬಕೆಟ್ 2020ರಲ್ಲಿ ಗಿಟ್‌ನಂಥದ್ದೇ ಇನ್ನೊಂದು ತಂತ್ರಾಂಶವಾದ ಮರ್ಕ್ಯುರಿಯಲ್‌ನ ರೆಪೊಸಿಟರಿಗಳನ್ನು (ಇತಿಹಾಸ ಸಮೇತ ಕೋಡ್ ಇಡುವ ಭಂಡಾರಗಳನ್ನು) ಕೈಬಿಟ್ಟಿತು. ಈ ಮೂರೂ ಸಂದರ್ಭಗಳಲ್ಲಿ ಮುನ್ಸೂಚನೆ ಸಿಕ್ಕಿತ್ತು. ಸೂಚನೆಯ ಮಿಂಚಂಚೆ ಯಾರ ಖಾತೆಗೆ ಬರುತ್ತದೆ, ಅವರು ಈಗಲೂ ತಂಡದಲ್ಲಿದ್ದಾರೆಯೇ ಎಂಬುದನ್ನು ಸ್ಥಳಾಂತರದ ಯೋಚನೆ ಇಲ್ಲದವರೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಗಮ್ಯದ ಆಯ್ಕೆ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. 2018ರಿಂದ ಮೈಕ್ರೋಸಾಫ್ಟ್ ಒಡೆತನದಲ್ಲಿರುವ ಗಿಟ್‌ಹಬ್, ಗಿಟ್‌ಲ್ಯಾಬ್, ಬಿಟ್‌ಬಕೆಟ್ ಇವು ವ್ಯಾಪಾರಿ ಸೇವೆಗಳು. ಕೋಡ್‌ಬರ್ಗ್ ಬರ್ಲಿನ್‌ನ ಲಾಭರಹಿತ ಸಂಘವೊಂದು ನಡೆಸುವ ಸೇವೆ. ಅದು ಮುಕ್ತ ತಂತ್ರಾಂಶಕ್ಕೆ ಮೀಸಲಾದದ್ದರಿಂದ ಗ್ರಾಹಕರ ಖಾಸಗಿ ಕೋಡ್ ಇಡುವವರಿಗೆ ಹೊಂದುವುದಿಲ್ಲ. ಗಿಟೀ ಅಥವಾ ಫೋರ್ಜೆಯೋ ತಂತ್ರಾಂಶವನ್ನು ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳುವ ದಾರಿಯೂ ಇದೆ. ಆದರೆ ಕಚೇರಿಯ ಮೂಲೆಯಲ್ಲಿಟ್ಟ ಕಂಪ್ಯೂಟರ್‌ಗೆ ಯುಪಿಎಸ್, ಬ್ಯಾಕಪ್, ಭದ್ರತಾ ಅಪ್‌ಡೇಟ್ ಇವನ್ನು ವರ್ಷವಿಡೀ ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡದಿದ್ದರೆ ಆ ದಾರಿ ಹಿಡಿಯದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಕರೆಂಟು ಹೋದ ಸಂಜೆಯೇ ಮಂಡಿಯಿಂದ ತುರ್ತು ಕರೆ ಬರುವುದು.

ಮೊದಲ ಹೆಜ್ಜೆ: ಏನೇನಿದೆ ಎಂದು ಬರೆದುಕೊಳ್ಳುವುದು

ಈ ಹೆಜ್ಜೆಗೆ ಉಳಿದೆಲ್ಲ ಹೆಜ್ಜೆಗಳಿಗಿಂತ ಹೆಚ್ಚು ಸಮಯ ಕೊಡಬೇಕು. ಒಂದು ಸ್ಪ್ರೆಡ್‌ಶೀಟ್ ತೆರೆದು, ಪ್ರತಿ ರೆಪೊಸಿಟರಿಗೆ ಒಂದು ಸಾಲು ಹಾಕಿ, ಅದಕ್ಕೆ ಅಂಟಿಕೊಂಡಿರುವ ಪ್ರತಿಯೊಂದನ್ನೂ ಒಂದೊಂದು ಕಾಲಂನಲ್ಲಿ ಬರೆಯಿರಿ: ಗಾತ್ರ, ಮುಖ್ಯ ಬ್ರಾಂಚ್‌ನ (ಕೆಲಸದ ಕವಲಿನ) ಹೆಸರು, ತೆರೆದಿರುವ ಪುಲ್ ರಿಕ್ವೆಸ್ಟ್‌ಗಳು (ಒಂದು ಬ್ರಾಂಚ್‌ನ ಬದಲಾವಣೆಯನ್ನು ಇನ್ನೊಂದಕ್ಕೆ ಸೇರಿಸುವ ಕೋರಿಕೆಗಳು), ವಿಕಿ ಇದೆಯೇ, ದೊಡ್ಡ ಕಡತಗಳಿಗೆ ಎಲ್‌ಎಫ್‌ಎಸ್ (ಅವನ್ನು ಗಿಟ್‌ನ ಇತಿಹಾಸದ ಹೊರಗೆ ಬೇರೆಯಾಗಿ ಇಡುವ ವ್ಯವಸ್ಥೆ) ಬಳಸಲಾಗಿದೆಯೇ, ಸಬ್‌ಮಾಡ್ಯೂಲ್‌ಗಳಿವೆಯೇ (ಒಂದು ರೆಪೊಸಿಟರಿಯೊಳಗೆ ಜೋಡಿಸಿದ ಇನ್ನೊಂದು ರೆಪೊಸಿಟರಿ), ತಾನಾಗಿ ನಡೆಯುವ ಪರೀಕ್ಷೆಗಳು ಯಾವುವು, ವೆಬ್‌ಹುಕ್ (ಬದಲಾವಣೆಯಾದಾಗ ಸೇವೆ ತಾನಾಗಿ ಕಳಿಸುವ ಸೂಚನೆ) ಯಾವ ವಿಳಾಸಕ್ಕೆ ಹೋಗುತ್ತದೆ, ಯಾವ ಸರ್ವರ್ ಯಾವ ಕೀ ಬಳಸಿ ಕೋಡ್ ಎಳೆದುಕೊಳ್ಳುತ್ತದೆ.

ರೆಪೊಸಿಟರಿಯ ಗಾತ್ರವನ್ನು ‘ಗಿಟ್ ಕೌಂಟ್-ಆಬ್ಜೆಕ್ಟ್ಸ್ -ವಿಎಚ್’ ಎಂಬ ಆದೇಶ ತಿಳಿಸುತ್ತದೆ. ಗಾತ್ರ ಅನಿರೀಕ್ಷಿತವಾಗಿ ದೊಡ್ಡದಿದ್ದರೆ ಇತಿಹಾಸದಲ್ಲಿ ಎಲ್ಲೋ ಡೇಟಾಬೇಸ್ ಬ್ಯಾಕಪ್ ಅಥವಾ ವಿಡಿಯೊ ಸೇರಿಕೊಂಡಿದೆ ಎಂದರ್ಥ. ಈಗ ಅದು ಫೋಲ್ಡರ್‌ನಲ್ಲಿ ಕಾಣದಿದ್ದರೂ ಹಳೆಯ ಕಮಿಟ್‌ಗಳಲ್ಲಿ, ಅಂದರೆ ದಾಖಲಾದ ಹಿಂದಿನ ಬದಲಾವಣೆಗಳಲ್ಲಿ, ಉಳಿದೇ ಇರುತ್ತದೆ. ಗಿಟ್‌ಹಬ್ 50 ಎಂಬಿ ಮೀರಿದ ಕಡತಕ್ಕೆ ಎಚ್ಚರಿಕೆ ಕೊಡುತ್ತದೆ, 100 ಎಂಬಿ ಮೀರಿದ ಕಡತವಿರುವ ಪುಶ್ ಅನ್ನು (ಕಂಪ್ಯೂಟರ್‌ನಿಂದ ಸೇವೆಗೆ ಕಮಿಟ್‌ಗಳನ್ನು ಕಳಿಸುವುದನ್ನು) ತಿರಸ್ಕರಿಸುತ್ತದೆ. ಅಂಥ ಕಡತ ಐದು ವರ್ಷ ಹಿಂದಿನ ಕಮಿಟ್‌ನಲ್ಲಿದ್ದರೂ ಇದೇ ನಿಯಮ. ಹೊಸ ಸೇವೆಯ ಮಿತಿಯನ್ನು ಮೊದಲೇ ಓದಿಕೊಂಡರೆ ಸ್ಥಳಾಂತರದ ರಾತ್ರಿ ಈ ಅಡ್ಡಿ ಎದುರಾಗುವುದಿಲ್ಲ.

ಸೀಕ್ರೆಟ್‌ಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಗಿಟ್‌ಹಬ್‌ನಲ್ಲಿ ಒಮ್ಮೆ ಉಳಿಸಿದ ಸೀಕ್ರೆಟ್‌ನ ಹೆಸರು ಮಾತ್ರ ನಂತರ ಕಾಣುತ್ತದೆ, ಅದರೊಳಗಿನ ಮೌಲ್ಯವನ್ನು ಮಾಲೀಕರೂ ತೆರೆದು ನೋಡಲಾಗದು. ಎಸ್‌ಎಂಎಸ್ ಕಳಿಸುವ ಸೇವೆಯ ಕೀಯನ್ನು ಹಿಂದೆ ಕೆಲಸ ಬಿಟ್ಟುಹೋದವರೊಬ್ಬರು ಹಾಕಿದ್ದು, ಅದರ ಪ್ರತಿ ಬೇರೆಲ್ಲೂ ಇಲ್ಲವೆಂದರೆ ಆ ಸೇವೆಯಿಂದ ಹೊಸ ಕೀ ಪಡೆಯುವುದೊಂದೇ ದಾರಿ, ಅದಕ್ಕೆ ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಹೆಸರುಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಮೌಲ್ಯ ಯಾರ ಬಳಿ ಇದೆ ಎಂದು ಬರೆಯಿರಿ. ಮೌಲ್ಯವನ್ನು ಮಾತ್ರ ಆ ಸ್ಪ್ರೆಡ್‌ಶೀಟ್‌ನಲ್ಲಿ ಬರೆಯಬೇಡಿ.

ಕೋಡ್‌ನೊಳಗೆ ಹಳೆಯ ವಿಳಾಸ ಎಲ್ಲೆಲ್ಲಿದೆ ಎಂಬುದನ್ನು ‘ಗಿಟ್ ಗ್ರೆಪ್’ ಮೂಲಕ ಹುಡುಕಬೇಕು. ಅನುಸ್ಥಾಪನೆಯ ಸ್ಕ್ರಿಪ್ಟ್, ಕೈಪಿಡಿಯ ಲಿಂಕ್, ಅವಲಂಬನೆಗಳ ಪಟ್ಟಿ, ಸಬ್‌ಮಾಡ್ಯೂಲ್‌ಗಳ ಕಡತ ಇವುಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಗೋ ಭಾಷೆಯಲ್ಲಿ ಬರೆದ ಯೋಜನೆಗಳಲ್ಲಿ ಮಾಡ್ಯೂಲ್‌ನ ಹೆಸರಿನೊಳಗೇ ಹೋಸ್ಟಿಂಗ್ ಸೇವೆಯ ವಿಳಾಸ ಸೇರಿರುವುದು ರೂಢಿ, ಆದ್ದರಿಂದ ಅಲ್ಲಿ ಬದಲಾವಣೆ ಪ್ರತಿ ಕಡತದ ಇಂಪೋರ್ಟ್ ಸಾಲಿಗೂ ತಟ್ಟುತ್ತದೆ. ಸಬ್‌ಮಾಡ್ಯೂಲ್ ವಿಳಾಸ ಪೂರ್ಣ ರೂಪದಲ್ಲಿದ್ದರೆ ಅದನ್ನೂ ಬದಲಿಸಬೇಕು. ಎರಡು ಚುಕ್ಕಿ ಮತ್ತು ಓರೆಗೆರೆಯಿಂದ ಶುರುವಾಗುವ ಸಾಪೇಕ್ಷ ರೂಪದಲ್ಲಿದ್ದು, ಹೊಸ ಕಡೆಯೂ ರೆಪೊಸಿಟರಿಗಳ ಜೋಡಣೆ ಹಾಗೇ ಇದ್ದರೆ ಏನೂ ಮಾಡಬೇಕಿಲ್ಲ.

ಎರಡನೆಯ ಹೆಜ್ಜೆ: ದಿನ ಗೊತ್ತುಮಾಡಿ ಪುಶ್ ನಿಲ್ಲಿಸುವುದು

ಹಳೆಯ ಮತ್ತು ಹೊಸ ಸೇವೆಗಳನ್ನು ಒಂದಷ್ಟು ದಿನ ಜೊತೆಜೊತೆಗೆ ನಡೆಸೋಣ ಎಂಬ ಸಲಹೆ ಪ್ರತಿ ತಂಡದಲ್ಲೂ ಬರುತ್ತದೆ. ಅದಕ್ಕೆ ಒಪ್ಪಬಾರದು. ಎರಡೂ ಕಡೆ ಪುಶ್ ನಡೆದರೆ ಎರಡೂ ಅರ್ಧಸತ್ಯವಾಗಿ ಉಳಿಯುತ್ತವೆ, ಯಾವುದು ಹೊಸತು ಎಂದು ತಾಳೆ ಹಾಕುವ ಕೆಲಸ ಮೂಲ ಸ್ಥಳಾಂತರಕ್ಕಿಂತ ದೊಡ್ಡದಾಗುತ್ತದೆ. ಒಂದು ಗಂಟೆ ಗೊತ್ತುಮಾಡಿ, ಆ ಹೊತ್ತಿನಿಂದ ಹಳೆಯ ಕಡೆ ಬರೆಯುವುದನ್ನು ಪೂರ್ತಿ ನಿಲ್ಲಿಸಬೇಕು.

ದಿನದ ಆಯ್ಕೆ ಗ್ರಾಹಕರ ಪಂಚಾಂಗದ ಮೇಲೆ ನಿಂತಿದೆ. ನಮ್ಮ ಉದಾಹರಣೆಯ ತಂಡಕ್ಕೆ ಕೊಬ್ಬರಿ ಹರಾಜಿನ ದಿನಗಳೂ ಅದರ ಹಿಂದಿನ ದಿನಗಳೂ ಬೇಡ. ತಿಂಗಳಿನ ಜಿಎಸ್‌ಟಿ ವಿವರ ಸಲ್ಲಿಸುವ 11 ಮತ್ತು 20ನೆಯ ತಾರೀಖಿನ ಹಿಂದುಮುಂದೂ ಬೇಡ. ಶನಿವಾರ ಸಂಜೆ ಶುರುಮಾಡಿದರೆ ಭಾನುವಾರ ಇಡೀ ದಿನ ಕೈಯಲ್ಲಿ ಉಳಿಯುತ್ತದೆ. ತಂಡಕ್ಕೆ ಕಳಿಸುವ ಸೂಚನೆ ಚಿಕ್ಕದಾಗಿ, ಅನುಮಾನಕ್ಕೆ ಎಡೆಯಿಲ್ಲದಂತೆ ಇರಬೇಕು. ಒಂದು ಮಾದರಿ ಹೀಗಿದೆ:

“ಎಲ್ಲರ ಗಮನಕ್ಕೆ. ಈ ಶನಿವಾರ ಸಂಜೆ 6 ಗಂಟೆಯ ನಂತರ ಹಳೆಯ ವಿಳಾಸಕ್ಕೆ ಯಾರೂ ಪುಶ್ ಮಾಡಬೇಡಿ. ಮುಗಿದಿರುವ ಕೆಲಸವನ್ನು ಅದಕ್ಕೆ ಮೊದಲೇ ಪುಶ್ ಮಾಡಿ. ಅರ್ಧಕ್ಕೆ ನಿಂತ ಕೆಲಸ ನಿಮ್ಮ ಕಂಪ್ಯೂಟರ್‌ನಲ್ಲೇ ಇರಲಿ, ಅದು ಹಾಳಾಗುವುದಿಲ್ಲ. ಹೊಸ ವಿಳಾಸ ಭಾನುವಾರ ತಿಳಿಸುತ್ತೇವೆ. ತಿಪಟೂರಿನ ಮಂಡಿಗಳಲ್ಲಿ ತಂತ್ರಾಂಶ ಎಂದಿನಂತೆ ನಡೆಯುತ್ತದೆ, ಅಪ್‌ಡೇಟ್ ಮಾತ್ರ ಸೋಮವಾರದವರೆಗೆ ಇರುವುದಿಲ್ಲ.”

ಸೂಚನೆಯೊಂದನ್ನೇ ನಂಬಿ ಕೂರದೆ, ಆ ಗಂಟೆಗೆ ಸರಿಯಾಗಿ ಹಳೆಯ ಸೇವೆಯಲ್ಲಿ ಎಲ್ಲರ ಬರೆಯುವ ಅನುಮತಿಯನ್ನು ಓದುವ ಅನುಮತಿಗೆ ಇಳಿಸಿಬಿಡಿ. ರೈಲಿನಲ್ಲಿ ಕುಳಿತವರಿಗೆ ಸೂಚನೆ ತಡವಾಗಿ ತಲುಪುವುದು ಸಹಜ.

ಮೂರನೆಯ ಹೆಜ್ಜೆ: ಪ್ರತಿ ತೆಗೆದುಕೊಂಡು ಸಾಗಿಸುವುದು

ಕಡತಗಳನ್ನು ಝಿಪ್ ಆಗಿ ಇಳಿಸಿಕೊಂಡು ಹೊಸ ಕಡೆ ಬ್ರೌಸರ್ ಮೂಲಕ ಏರಿಸುವ ವಿಧಾನ ಸುಲಭವೆನಿಸಿದರೂ ಅದರಲ್ಲಿ ಈ ಕ್ಷಣದ ಕಡತಗಳು ಮಾತ್ರ ಬರುತ್ತವೆ. ಯಾರು, ಯಾವಾಗ, ಏಕೆ ಬದಲಿಸಿದರು ಎಂಬ ಇತಿಹಾಸವೆಲ್ಲ ಅಳಿದುಹೋಗುತ್ತದೆ. ಮಿರರ್ ಪ್ರತಿಯೇ ಸರಿಯಾದ ದಾರಿ:

ಗಿಟ್ ಕ್ಲೋನ್ --ಮಿರರ್ ಹಳೆಯ-ವಿಳಾಸ

ಕ್ಲೋನ್ ಎಂದರೆ ರೆಪೊಸಿಟರಿಯ ಪೂರ್ಣ ಪ್ರತಿ. ಸಾಮಾನ್ಯ ಕ್ಲೋನ್ ಒಂದು ಬ್ರಾಂಚನ್ನು ತೆರೆದು ಕೆಲಸಕ್ಕೆ ಅಣಿಗೊಳಿಸುತ್ತದೆ. ಮಿರರ್ ಕ್ಲೋನ್‌ನಲ್ಲಿ ಕೆಲಸದ ಕಡತಗಳು ಕಾಣುವುದಿಲ್ಲ, ಬದಲಿಗೆ ಎಲ್ಲ ಬ್ರಾಂಚ್‌ಗಳು, ಎಲ್ಲ ಟ್ಯಾಗ್‌ಗಳು (ಬಿಡುಗಡೆಯಂಥ ಕಮಿಟ್‌ಗಳಿಗೆ ಇಟ್ಟ ಹೆಸರುಗಳು) ಸರ್ವರ್‌ನಲ್ಲಿದ್ದ ಹಾಗೆಯೇ ಬರುತ್ತವೆ. ಫೋಲ್ಡರ್ ತೆರೆದಾಗ ಪರಿಚಿತ ಕಡತಗಳೇನೂ ಕಾಣದಿದ್ದರೆ ಗಾಬರಿಪಡಬೇಕಿಲ್ಲ. ಅದರೊಳಗೆ ನಿಂತು ‘ಗಿಟ್ ಎಫ್‌ಎಸ್‌ಸಿಕೆ’ ನಡೆಸಿ ರೆಪೊಸಿಟರಿ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಬಳಿಕ ‘ಗಿಟ್ ಬಂಡಲ್ ಕ್ರಿಯೇಟ್’ ಆದೇಶಕ್ಕೆ ಕಡತದ ಹೆಸರನ್ನೂ ‘--ಆಲ್’ ಆಯ್ಕೆಯನ್ನೂ ಕೊಟ್ಟರೆ ಇಡೀ ಇತಿಹಾಸ ಒಂದೇ ಕಡತವಾಗುತ್ತದೆ. ಅದನ್ನು ಹಾರ್ಡ್‌ಡಿಸ್ಕ್‌ಗೆ ಹಾಕಿ ಕಚೇರಿಯ ಬೀರುವಿನಲ್ಲಿಡಿ. ಬಂಡಲ್ ಕಡತದಿಂದ ನೇರವಾಗಿ ಕ್ಲೋನ್ ಮಾಡಬಹುದಾದ್ದರಿಂದ ಎರಡೂ ಸೇವೆಗಳು ಒಟ್ಟಿಗೆ ಕೈಕೊಟ್ಟರೂ ಕೋಡ್ ನಿಮ್ಮ ಬಳಿ ಇರುತ್ತದೆ.

ಹೊಸ ಸೇವೆಯಲ್ಲಿ ರೆಪೊಸಿಟರಿ ತೆರೆಯುವಾಗ ಅದು ಪೂರ್ತಿ ಖಾಲಿಯಿರಬೇಕು. ರೀಡ್‌ಮಿ ಸೇರಿಸಲೇ, ಪರವಾನಗಿ ಕಡತ ಸೇರಿಸಲೇ ಎಂದು ಕೇಳುವ ಚೌಕಗಳಿಗೆ ಗುರುತು ಹಾಕಬೇಡಿ. ಎಲ್‌ಎಫ್‌ಎಸ್ ಬಳಸುತ್ತಿದ್ದರೆ ದೊಡ್ಡ ಕಡತಗಳು ಮಿರರ್ ಕ್ಲೋನ್‌ನಲ್ಲಿ ಬಂದಿರುವುದಿಲ್ಲ. ‘ಗಿಟ್ ಎಲ್‌ಎಫ್‌ಎಸ್ ಫೆಚ್ --ಆಲ್’ ಮೂಲಕ ಅವನ್ನು ತರಿಸಿ, ‘ಗಿಟ್ ಎಲ್‌ಎಫ್‌ಎಸ್ ಪುಶ್ --ಆಲ್ ಹೊಸ-ವಿಳಾಸ’ ಎಂದು ಮೊದಲು ಅವನ್ನೇ ಸಾಗಿಸಿ. ಕೋಡ್ ಮೊದಲು ಹೋದರೆ, ಅದು ಉಲ್ಲೇಖಿಸುವ ದೊಡ್ಡ ಕಡತಗಳಿಲ್ಲವೆಂದು ಕೆಲವು ಸೇವೆಗಳು ಪುಶ್ ಅನ್ನೇ ನಿರಾಕರಿಸುತ್ತವೆ. ಕೊನೆಗೆ:

ಗಿಟ್ ಪುಶ್ --ಮಿರರ್ ಹೊಸ-ವಿಳಾಸ

ಹಳೆಯದು ಗಿಟ್‌ಹಬ್ ಆಗಿದ್ದರೆ ಮಿರರ್ ಪ್ರತಿಯಲ್ಲಿ ಪುಲ್ ರಿಕ್ವೆಸ್ಟ್‌ಗಳ ಗುಪ್ತ ಉಲ್ಲೇಖಗಳೂ ಬಂದಿರುತ್ತವೆ. ಇನ್ನೊಂದು ಗಿಟ್‌ಹಬ್ ಖಾತೆಗೆ ಪುಶ್ ಮಾಡುವಾಗ ಇವನ್ನು ಸರ್ವರ್ ತಿರಸ್ಕರಿಸಿ ಕೆಂಪು ಸಾಲುಗಳನ್ನು ತೋರಿಸುತ್ತದೆ. ಬ್ರಾಂಚ್‌ಗಳೂ ಟ್ಯಾಗ್‌ಗಳೂ ಸೇರಿದ್ದರೆ ಆ ಸಾಲುಗಳಿಂದ ನಷ್ಟವಿಲ್ಲ. ಅವು ಬೇಡವೆಂದರೆ ಮಿರರ್ ಪುಶ್‌ನ ಬದಲು ‘ಗಿಟ್ ಪುಶ್ --ಆಲ್’ ಮತ್ತು ‘ಗಿಟ್ ಪುಶ್ --ಟ್ಯಾಗ್ಸ್’ ಎಂಬೆರಡನ್ನು ಹೊಸ ವಿಳಾಸದೊಂದಿಗೆ ಒಂದಾದ ಮೇಲೊಂದು ನಡೆಸಬಹುದು.

ಈ ಆದೇಶದ ಬಗ್ಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮಿರರ್ ಪುಶ್ ಎಂದರೆ ಆ ಕಡೆಯನ್ನು ಈ ಕಡೆಯ ತದ್ರೂಪ ಮಾಡು ಎಂದರ್ಥ, ಇಲ್ಲಿ ಇಲ್ಲದ ಬ್ರಾಂಚ್ ಅಲ್ಲಿದ್ದರೆ ಅದನ್ನು ಅಳಿಸಿಹಾಕುತ್ತದೆ. ಹೊಸ ಕಡೆ ಕೆಲಸ ಶುರುವಾಗಿ ವಾರ ಕಳೆದ ಮೇಲೆ, ಏನೋ ಬಿಟ್ಟುಹೋಗಿದೆ ಎಂದು ಯಾರಾದರೂ ಅದೇ ಹಳೆಯ ಫೋಲ್ಡರ್‌ನಿಂದ ಈ ಆದೇಶವನ್ನು ಮತ್ತೆ ನಡೆಸಿದರೆ, ಆ ವಾರದ ಹೊಸ ಬ್ರಾಂಚ್‌ಗಳು ಹೋಗಿ ಉಳಿದವು ಹಿಂದಿನ ಸ್ಥಿತಿಗೆ ಮರಳುತ್ತವೆ. ತಾಳೆ ನೋಡಿದ ಕೂಡಲೇ ಆ ಮಿರರ್ ಫೋಲ್ಡರನ್ನು ಕಂಪ್ಯೂಟರ್‌ನಿಂದ ತೆಗೆದುಬಿಡುವುದು ಕ್ಷೇಮ. ಬಂಡಲ್ ಪ್ರತಿ ಹೇಗೂ ಇದ್ದೇ ಇದೆ.

ವಿಕಿ ಇದ್ದಲ್ಲಿ, ಗಿಟ್‌ಹಬ್ ಮತ್ತು ಗಿಟ್‌ಲ್ಯಾಬ್ ಎರಡರಲ್ಲೂ ಅದು ಬೇರೆಯದೇ ಒಂದು ಗಿಟ್ ರೆಪೊಸಿಟರಿ. ರೆಪೊಸಿಟರಿಯ ಹೆಸರಿನ ಕೊನೆಗೆ ‘ಡಾಟ್ ವಿಕಿ’ ಎಂದು ಸೇರಿಸಿದ ವಿಳಾಸದಿಂದ ಅದನ್ನೂ ಇದೇ ಕ್ರಮದಲ್ಲಿ ಸಾಗಿಸಬಹುದು. ಬಿಡುಗಡೆಗಳಿಗೆ ಲಗತ್ತಿಸಿದ ಇನ್‌ಸ್ಟಾಲರ್‌ಗಳನ್ನು ಮಾತ್ರ ಒಂದೊಂದಾಗಿ ಇಳಿಸಿಕೊಂಡು ಮತ್ತೆ ಏರಿಸಬೇಕಾಗುತ್ತದೆ, ಟ್ಯಾಗ್ ಬಂದಿತೆಂದರೆ ಲಗತ್ತೂ ಬಂದಿತೆಂದಲ್ಲ.

ಇತಿಹಾಸವನ್ನು ಇದೇ ಸಂದರ್ಭದಲ್ಲಿ ಶುಚಿಗೊಳಿಸಿಬಿಡೋಣ ಎಂಬ ಆಸೆಯನ್ನು ಹತ್ತಿಕ್ಕಬೇಕು. ‘ಗಿಟ್ ಫಿಲ್ಟರ್-ರೆಪೊ’ ಬಳಸಿ ದೊಡ್ಡ ಕಡತಗಳನ್ನು ಕಿತ್ತುಹಾಕಿದರೆ ಆ ಬಿಂದುವಿನಿಂದ ಮುಂದಿನ ಎಲ್ಲ ಕಮಿಟ್‌ಗಳ ಗುರುತೂ ಬದಲಾಗುತ್ತದೆ. ಆಗ ಮುಂದೆ ಹೇಳುವ ತಾಳೆ ನೋಡುವ ವಿಧಾನ ಕೆಲಸಕ್ಕೆ ಬಾರದು, ತಂಡದವರೆಲ್ಲ ಹೊಸದಾಗಿ ಕ್ಲೋನ್ ಮಾಡಬೇಕಾಗುತ್ತದೆ. ಹೊಸ ಸೇವೆಯ ಗಾತ್ರದ ಮಿತಿಯೇ ಅಡ್ಡ ಬಂದಾಗ ಮಾತ್ರ ಇದಕ್ಕೆ ಕೈಹಾಕಿ, ಅದನ್ನೂ ಸ್ಥಳಾಂತರಕ್ಕೆ ಕೆಲವು ವಾರ ಮೊದಲು ಹಳೆಯ ಕಡೆಯೇ ಮುಗಿಸಿ. ಇತಿಹಾಸದಲ್ಲಿ ಪಾಸ್‌ವರ್ಡ್ ಸಿಕ್ಕಿದರೆ ಆ ಪಾಸ್‌ವರ್ಡನ್ನೇ ಬದಲಿಸುವುದು ಇತಿಹಾಸ ತಿದ್ದುವುದಕ್ಕಿಂತ ಹೆಚ್ಚು ಭದ್ರ.

ನಾಲ್ಕನೆಯ ಹೆಜ್ಜೆ: ತಾಳೆ ನೋಡುವುದು

ಸಾವಿರಾರು ಕಮಿಟ್‌ಗಳು ಒಂದೂ ಬಿಡದೆ ಬಂದಿವೆಯೇ ಎಂದು ಪರೀಕ್ಷಿಸುವುದು ಕಷ್ಟವೆಂದು ತೋರುತ್ತದೆ. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್‌ನ ರಚನೆ ಇದನ್ನು ಅಚ್ಚರಿಯೆನಿಸುವಷ್ಟು ಹಗುರ ಮಾಡಿದೆ. ಪ್ರತಿ ಕಮಿಟ್‌ಗೂ ಸಾಮಾನ್ಯವಾಗಿ 40 ಅಕ್ಷರಗಳ ಒಂದು ಗುರುತು ಇರುತ್ತದೆ. ಆ ಗುರುತನ್ನು ಕಡತಗಳ ಒಳಗಿನ ವಿಷಯ, ಬರೆದವರ ಹೆಸರು, ಸಮಯ, ಸಂದೇಶ ಹಾಗೂ ಹಿಂದಿನ ಕಮಿಟ್‌ನ ಗುರುತು ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಲಾಗುತ್ತದೆ. ಹಿಂದಿನದರ ಗುರುತು ಅದರ ಹಿಂದಿನದನ್ನು ಒಳಗೊಂಡಿರುವುದರಿಂದ, ಒಂದು ಬ್ರಾಂಚ್‌ನ ಕೊನೆಯ ಕಮಿಟ್‌ನ ಗುರುತು ಎರಡೂ ಕಡೆ ಒಂದೇ ಆಗಿದ್ದರೆ ಆ ಬ್ರಾಂಚ್‌ನ ಮೊದಲ ದಿನದವರೆಗಿನ ಇತಿಹಾಸವೂ ಒಂದೇ.

ಆದ್ದರಿಂದ ‘ಗಿಟ್ ಎಲ್‌ಎಸ್-ರಿಮೋಟ್ --ಹೆಡ್ಸ್ --ಟ್ಯಾಗ್ಸ್’ ಆದೇಶವನ್ನು ಹಳೆಯ ವಿಳಾಸಕ್ಕೊಮ್ಮೆ, ಹೊಸ ವಿಳಾಸಕ್ಕೊಮ್ಮೆ ನಡೆಸಿ, ಬಂದ ಎರಡು ಪಟ್ಟಿಗಳನ್ನು ಕಡತಗಳಾಗಿ ಉಳಿಸಿ ‘ಡಿಫ್’ ಮೂಲಕ ಹೋಲಿಸಿ. ಡಿಫ್ ಏನೂ ಹೇಳದಿದ್ದರೆ ಕೋಡ್ ಪೂರ್ತಿ ಬಂದಿದೆ. ಎಲ್‌ಎಫ್‌ಎಸ್ ಕಡತಗಳು ಈ ಪರೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ. ಅವುಗಳಿಗಾಗಿ ಬೇರೆ ಕಂಪ್ಯೂಟರ್‌ನಲ್ಲಿ ಹೊಸದಾಗಿ ಕ್ಲೋನ್ ಮಾಡಿ, ದೊಡ್ಡ ಕಡತವೊಂದನ್ನು ತೆರೆದು ನೋಡಿ. ಚಿತ್ರದ ಬದಲು ಮೂರು ಸಾಲಿನ ಪಠ್ಯ ಕಂಡರೆ ಅಸಲು ಕಡತ ಬಂದಿಲ್ಲ.

ಮುಖ್ಯ ಬ್ರಾಂಚ್ ಯಾವುದೆಂಬುದನ್ನೂ ನೋಡಿ. ಗಿಟ್‌ಹಬ್ 2020ರ ಅಕ್ಟೋಬರ್‌ನಿಂದ ಹೊಸ ರೆಪೊಸಿಟರಿಗಳಿಗೆ ‘ಮೇನ್’ ಎಂಬ ಹೆಸರನ್ನು ಬಳಸುತ್ತಿದೆ, ಅದಕ್ಕಿಂತ ಹಳೆಯ ಯೋಜನೆಗಳಲ್ಲಿ ‘ಮಾಸ್ಟರ್’ ಇರುವುದೇ ಹೆಚ್ಚು. ಹೊಸ ಸೇವೆ ತಪ್ಪು ಬ್ರಾಂಚನ್ನು ಮುಖ್ಯವೆಂದು ಆರಿಸಿಕೊಂಡಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ.

ಕನ್ನಡ ಹೆಸರಿನ ಕಡತಗಳು

ಇಂಗ್ಲಿಷ್ ಮಾರ್ಗದರ್ಶಿಗಳು ಸಾಮಾನ್ಯವಾಗಿ ಈ ವಿಷಯವನ್ನು ಮುಟ್ಟುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ‘ಗಿಟ್ ಸ್ಟೇಟಸ್’ ನೋಡಿದಾಗ ಕನ್ನಡ ಹೆಸರುಗಳ ಜಾಗದಲ್ಲಿ \340\262\225 ಎಂಬಂಥ ಅಂಕಿಗಳ ಸಾಲು ಕಂಡು, ಸ್ಥಳಾಂತರದಲ್ಲಿ ಹೆಸರುಗಳು ಕೆಟ್ಟವೆಂದು ಭಾವಿಸುವವರಿದ್ದಾರೆ. ಹೆಸರು ಕೆಟ್ಟಿರುವುದಿಲ್ಲ. ಯೂನಿಕೋಡ್‌ನ ಪ್ರತಿ ಕನ್ನಡ ಸಂಕೇತಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು, ಆ ಮೂರು ಬೈಟ್‌ಗಳನ್ನು ಗಿಟ್ ಅಷ್ಟಮಾನ ಅಂಕಿಗಳಲ್ಲಿ ತೋರಿಸುತ್ತಿದೆ, ಅಷ್ಟೆ. ಮೇಲಿನ ಅಂಕಿಗಳು ‘ಕ’ ಅಕ್ಷರದವು. ‘ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್’ ಎಂದು ಕೊಟ್ಟರೆ ಹೆಸರುಗಳು ಕನ್ನಡದಲ್ಲೇ ಕಾಣುತ್ತವೆ.

ನಿಜವಾದ ತೊಡಕು ಬೇರೆ ಕಡೆ ಇದೆ. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡ್ ಎರಡು ರೀತಿ ಬರೆಯಲು ಬಿಡುತ್ತದೆ: ಇಡಿಯಾಗಿ ಒಂದೇ ಸಂಕೇತ, ಅಥವಾ ಎತ್ವ ಮತ್ತು ಊತ್ವದ ಕೊಂಬು ಎಂಬ ಎರಡು ಸಂಕೇತಗಳು. ಪರದೆಯ ಮೇಲೆ ಎರಡೂ ಒಂದೇ ತೆರ ಕಾಣುತ್ತವೆ. ಗಿಟ್‌ಗೆ ಮಾತ್ರ ಮೊದಲನೆಯದು \340\263\212, ಎರಡನೆಯದು \340\263\206\340\263\202, ಅಂದರೆ ಎರಡು ಬೇರೆ ಬೇರೆ ಹೆಸರುಗಳು. ಮ್ಯಾಕ್ ಕಂಪ್ಯೂಟರ್‌ಗಳ ಹಳೆಯ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತಿತ್ತು, ಲಿನಕ್ಸ್ ಮತ್ತು ವಿಂಡೋಸ್ ಕೊಟ್ಟದ್ದನ್ನು ಕೊಟ್ಟ ಹಾಗೇ ಇಡುತ್ತವೆ. ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳ ಹೆಸರಿನಲ್ಲಿ ದರಪಟ್ಟಿಗಳಿದ್ದರೆ, ಹೀಗೆ ಎರಡು ರೂಪಕ್ಕೆ ಎಡೆಯಿರುವುದು ಕೊರಟಗೆರೆ (‘ಕೊ’) ಮತ್ತು ತುರುವೇಕೆರೆಗೆ (‘ವೇ’ಯ ಸ್ವರಚಿಹ್ನೆಯೂ ಇಂಥದ್ದೇ) ಮಾತ್ರ. ಗುಬ್ಬಿ, ಶಿರಾ, ತಿಪಟೂರುಗಳಿಗೆ ಆ ಭಯವಿಲ್ಲ. ‘ಕೊಬ್ಬರಿ’ ಎಂಬ ಪದವೇ ಕಡತದ ಹೆಸರಿನಲ್ಲಿದ್ದರೆ ಎಲ್ಲವಕ್ಕೂ ತೊಂದರೆಯ ಸಾಧ್ಯತೆ ಬರುತ್ತದೆ.

ಮಿರರ್ ವಿಧಾನ ಬೈಟ್‌ಗಳನ್ನು ಮುಟ್ಟುವುದಿಲ್ಲವಾದ್ದರಿಂದ ಸ್ಥಳಾಂತರವೇ ಇದನ್ನು ಹುಟ್ಟುಹಾಕುವುದಿಲ್ಲ, ಅಡಗಿದ್ದದ್ದನ್ನು ಹೊರಗೆ ತರುತ್ತದೆ. ಮೊದಲು ಮ್ಯಾಕ್ ಮೇಲೆ ನಡೆಯುತ್ತಿದ್ದ ಪರೀಕ್ಷೆಗಳು ಹೊಸ ಸೇವೆಯ ಲಿನಕ್ಸ್ ಯಂತ್ರದ ಮೇಲೆ ನಡೆದಾಗ, ಕಣ್ಣೆದುರೇ ಇರುವ ಕಡತ ಸಿಗುತ್ತಿಲ್ಲವೆಂಬ ದೋಷ ಬಂದರೆ ಮೊದಲು ಇದನ್ನೇ ಶಂಕಿಸಿ. ಕೋಟ್‌ಪಾತ್ ಆಯ್ಕೆಯನ್ನು ಮತ್ತೆ ‘ಟ್ರೂ’ ಮಾಡಿ ‘ಗಿಟ್ ಎಲ್‌ಎಸ್-ಫೈಲ್ಸ್’ ನಡೆಸಿದರೆ ಅಂಕಿಗಳೇ ನಿಜ ಹೇಳುತ್ತವೆ. ಸ್ಥಳಾಂತರ ಮುಗಿದ ಮೇಲೆ ಮಾಮೂಲಿ ಕಮಿಟ್ ಒಂದರಲ್ಲಿ ಹೆಸರುಗಳನ್ನು ಒಂದೇ ರೂಪಕ್ಕೆ ತನ್ನಿ. ಲಿನಕ್ಸ್‌ನಲ್ಲಿ ಕಡತದ ಹೆಸರು 255 ಬೈಟ್ ಮೀರುವಂತಿಲ್ಲ, ಅಂದರೆ ಕನ್ನಡದಲ್ಲಿ 85 ಸಂಕೇತಗಳು. ಕೊಂಬು, ಒತ್ತು ಎಲ್ಲವೂ ಲೆಕ್ಕಕ್ಕೆ ಸೇರುವುದರಿಂದ ಉದ್ದುದ್ದ ಹೆಸರುಗಳನ್ನು ಮೊಟಕುಗೊಳಿಸುವುದೂ ಒಳ್ಳೆಯದೇ.

ಐದನೆಯ ಹೆಜ್ಜೆ: ಇಶ್ಯೂಗಳು ಮತ್ತು ಚರ್ಚೆ

ಗಿಟ್‌ಲ್ಯಾಬ್, ಗಿಟೀ, ಫೋರ್ಜೆಯೋ ಇವುಗಳಲ್ಲಿ ಬೇರೆ ಸೇವೆಗಳಿಂದ ಇಶ್ಯೂಗಳನ್ನೂ ಆಮದು ಮಾಡುವ ಸೌಲಭ್ಯವಿದೆ. ಇದನ್ನು ಬಳಸುವುದಾದರೆ ಕೋಡನ್ನೂ ಅದರ ಮೂಲಕವೇ ತಂದು, ತಾಳೆ ನೋಡುವುದನ್ನು ಮಾತ್ರ ಮೇಲಿನ ಕ್ರಮದಲ್ಲಿ ಮಾಡಿದರೆ ಸಾಕು. ಬಿಡಿ ರೆಪೊಸಿಟರಿಯೊಂದರ ಮೇಲೆ ಪ್ರಯೋಗಿಸಿ ನೋಡದೆ ಎಲ್ಲದಕ್ಕೂ ಒಟ್ಟಿಗೆ ಹಚ್ಚಬೇಡಿ.

ಗಮನಿಸಬೇಕಾದದ್ದು ಸಂಖ್ಯೆಗಳು. ಗಿಟ್‌ಹಬ್‌ನಲ್ಲಿ ಇಶ್ಯೂ ಮತ್ತು ಪುಲ್ ರಿಕ್ವೆಸ್ಟ್ ಒಂದೇ ಸಂಖ್ಯಾಸರಣಿಯನ್ನು ಹಂಚಿಕೊಳ್ಳುತ್ತವೆ, ಗಿಟ್‌ಲ್ಯಾಬ್‌ನಲ್ಲಿ ಇಶ್ಯೂ ಮತ್ತು ಮರ್ಜ್ ರಿಕ್ವೆಸ್ಟ್‌ಗಳಿಗೆ ಬೇರೆ ಬೇರೆ ಸರಣಿಗಳಿವೆ. ‘#45ರಲ್ಲಿ ಹೇಳಿದ ತೂಕದ ವ್ಯತ್ಯಾಸ ಸರಿಪಡಿಸಿದೆ’ ಎಂಬ ಹಳೆಯ ಕಮಿಟ್ ಸಂದೇಶ ಹೊಸ ಕಡೆ ಸಂಬಂಧವೇ ಇಲ್ಲದ ಇಶ್ಯೂಗೆ ಕೊಂಡಿಯಾಗಬಹುದು. ಸಂದೇಶ ತಿದ್ದಿದರೆ ಗುರುತು ಬದಲಾಗುತ್ತದೆಯಾದ್ದರಿಂದ ತಿದ್ದುವ ಹಾಗಿಲ್ಲ, ತಂಡಕ್ಕೆ ತಿಳಿಸಿಡುವುದಷ್ಟೇ ಸಾಧ್ಯ. ತೆರೆದಿರುವ ಪುಲ್ ರಿಕ್ವೆಸ್ಟ್‌ಗಳನ್ನು ಶನಿವಾರಕ್ಕೆ ಮೊದಲೇ ಮರ್ಜ್ ಮಾಡಿ ಅಥವಾ ಮುಚ್ಚಿ ಖಾಲಿ ಮಾಡಿಕೊಂಡರೆ ತಲೆನೋವು ಅರ್ಧ ಕಡಿಮೆ.

ನಾಲ್ಕೈದು ಜನರ ತಂಡಕ್ಕೆ ಇನ್ನೊಂದು ದಾರಿಯೂ ಇದೆ, ನನಗೆ ಅದೇ ಹಿತವೆನಿಸುತ್ತದೆ: ತೆರೆದಿರುವ ಇಶ್ಯೂಗಳನ್ನು ಮಾತ್ರ ಕೈಯಾರೆ ಹೊಸದಾಗಿ ಬರೆದು, ಮುಚ್ಚಿದವುಗಳನ್ನು ಪಠ್ಯರೂಪದಲ್ಲಿ ರಫ್ತು ಮಾಡಿ ರೆಪೊಸಿಟರಿಯಲ್ಲೇ ಒಂದು ಫೋಲ್ಡರ್‌ಗೆ ಹಾಕುವುದು. ಬರೆಯುತ್ತಾ ಹೋದಂತೆ ಅರ್ಧದಷ್ಟು ಇಶ್ಯೂಗಳು ಈಗ ಅಪ್ರಸ್ತುತವೆಂದು ಗೊತ್ತಾಗುವುದೂ ಉಂಟು.

ಆರನೆಯ ಹೆಜ್ಜೆ: ಅನುಮತಿ, ಕೀ ಮತ್ತು ತಾನಾಗಿ ನಡೆಯುವ ಕೆಲಸಗಳು

ಹೊಸ ಸಂಸ್ಥೆ-ಖಾತೆಗೆ ಕನಿಷ್ಠ ಇಬ್ಬರು ಮಾಲೀಕರಿರಲಿ. ಒಬ್ಬರೇ ಇದ್ದು, ಅವರ ಫೋನ್ ಕಳೆದು, ಎರಡು ಹಂತದ ದೃಢೀಕರಣದ ಮರುಪಡೆಯುವ ಸಂಕೇತಗಳನ್ನು ಬರೆದಿಟ್ಟಿರದಿದ್ದರೆ ತಂಡವೇ ಹೊರಗೆ ನಿಲ್ಲಬೇಕಾಗುತ್ತದೆ. ಆ ಸಂಕೇತಗಳನ್ನು ಮುದ್ರಿಸಿ ಬಂಡಲ್ ಇಟ್ಟ ಬೀರುವಿನಲ್ಲೇ ಇಡಬಹುದು. ಮುಖ್ಯ ಬ್ರಾಂಚ್‌ಗೆ ನೇರ ಪುಶ್ ಮಾಡದಂತೆ ತಡೆಯುವ ನಿಯಮಗಳೂ ತಾವಾಗಿ ಬರುವುದಿಲ್ಲ, ಮತ್ತೆ ಹಾಕಬೇಕು.

ಪ್ರತಿಯೊಬ್ಬರೂ ತಮ್ಮ ಹಳೆಯ ಕಮಿಟ್‌ಗಳಲ್ಲಿರುವ ಮಿಂಚಂಚೆ ವಿಳಾಸವನ್ನು ಹೊಸ ಖಾತೆಗೆ ಸೇರಿಸಿಕೊಳ್ಳಬೇಕು, ಇಲ್ಲದಿದ್ದರೆ ಅವರ ಕೆಲಸ ಅವರ ಖಾತೆಯ ಹೆಸರಿನಲ್ಲಿ ಕಾಣುವುದಿಲ್ಲ. ಯಾರು ಯಾವ ವಿಳಾಸ ಬಳಸಿದ್ದಾರೆಂಬ ಪಟ್ಟಿಯನ್ನು ‘ಗಿಟ್ ಶಾರ್ಟ್‌ಲಾಗ್ -ಎಸ್‌ಎನ್‌ಇ’ ಕೊಡುತ್ತದೆ.

ಪರೀಕ್ಷೆ ಮತ್ತು ಬಿಡುಗಡೆಯ ಸ್ಕ್ರಿಪ್ಟ್‌ಗಳ ಭಾಷೆ ಸೇವೆಯಿಂದ ಸೇವೆಗೆ ಬೇರೆ. ಗಿಟ್‌ಹಬ್ ಆಕ್ಷನ್ಸ್‌ನ ಕಡತವನ್ನು ಗಿಟ್‌ಲ್ಯಾಬ್ ಓದುವುದಿಲ್ಲ, ಮರುಬರೆಯಬೇಕು. ಇದನ್ನು ಶನಿವಾರದವರೆಗೆ ಮುಂದೂಡದೆ, ವಾರ ಮೊದಲೇ ಹೊಸ ಕಡೆ ಪ್ರಯೋಗದ ರೆಪೊಸಿಟರಿಯೊಂದರಲ್ಲಿ ಬರೆದು ನಡೆಸಿ ನೋಡಿ.

ಸರ್ವರ್‌ಗಳಲ್ಲಿ ಸದ್ದಿಲ್ಲದೆ ಎಡವುವ ಜಾಗ ಒಂದಿದೆ. ಹೊಸ ವಿಳಾಸಕ್ಕೆ ಎಸ್‌ಎಸ್‌ಎಚ್ (ಕೀ ಬಳಸುವ ಭದ್ರ ಸಂಪರ್ಕ ವಿಧಾನ) ಮೂಲಕ ಮೊದಲ ಬಾರಿ ಸೇರುವಾಗ, ಈ ಯಂತ್ರವನ್ನು ನಂಬಬಹುದೇ ಎಂದು ಕಂಪ್ಯೂಟರ್ ಕೇಳುತ್ತದೆ. ಮನುಷ್ಯ ಎದುರಿಗಿದ್ದರೆ ಉತ್ತರ ಕೊಡುತ್ತಾನೆ, ನಡುರಾತ್ರಿ ಕ್ರಾನ್ (ಗೊತ್ತುಮಾಡಿದ ಹೊತ್ತಿಗೆ ಕೆಲಸ ನಡೆಸುವ ವ್ಯವಸ್ಥೆ) ನಡೆಸುವ ಸ್ಕ್ರಿಪ್ಟ್‌ಗೆ ಉತ್ತರಿಸುವವರಿಲ್ಲದೆ ಅದು ಅಲ್ಲೇ ಸೋಲುತ್ತದೆ. ಪ್ರತಿ ಸರ್ವರ್‌ಗೂ ಸ್ಕ್ರಿಪ್ಟ್ ಯಾವ ಬಳಕೆದಾರರ ಹೆಸರಿನಲ್ಲಿ ನಡೆಯುತ್ತದೋ ಅದೇ ಹೆಸರಿನಲ್ಲಿ ಲಾಗಿನ್ ಆಗಿ, ಸೇವೆ ಪ್ರಕಟಿಸಿರುವ ಬೆರಳಚ್ಚಿನೊಂದಿಗೆ ಪರದೆಯ ಮೇಲಿನದನ್ನು ಹೋಲಿಸಿ, ಒಮ್ಮೆ ‘ಹೌದು’ ಎಂದು ಕೊಟ್ಟು ಬನ್ನಿ. ಹೋಲಿಸದೆ ಒತ್ತುವುದು ತಪ್ಪು ಅಭ್ಯಾಸ. ಪ್ರತಿ ಸರ್ವರ್‌ಗೆ ಪ್ರತ್ಯೇಕ, ಓದಲು ಮಾತ್ರ ಅನುಮತಿಯಿರುವ ಹೊಸ ಡಿಪ್ಲಾಯ್ ಕೀ ಕೊಡಿ, ಹಳೆಯ ಕೀಗಳನ್ನು ಹೊಸ ಕಡೆಗೆ ಒಯ್ಯಬೇಡಿ.

ಏಳನೆಯ ಹೆಜ್ಜೆ: ತಂಡದವರ ಕಂಪ್ಯೂಟರ್‌ಗಳು

ಕಮಿಟ್‌ಗಳ ಗುರುತು ಬದಲಾಗದಿರುವುದರಿಂದ ಯಾರೂ ಹೊಸದಾಗಿ ಕ್ಲೋನ್ ಮಾಡಬೇಕಿಲ್ಲ. ಪ್ರತಿಯೊಬ್ಬರೂ ತಮ್ಮ ಫೋಲ್ಡರ್‌ನಲ್ಲಿ ನಿಂತು

ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ ಒರಿಜಿನ್ ಹೊಸ-ವಿಳಾಸ

ಎಂದು ಕೊಟ್ಟು, ‘ಗಿಟ್ ರಿಮೋಟ್ -ವಿ’ ಮೂಲಕ ಬದಲಾಗಿದೆಯೆಂದು ನೋಡಿ, ‘ಗಿಟ್ ಫೆಚ್ --ಪ್ರೂನ್’ ನಡೆಸಿದರೆ ಮುಗಿಯಿತು. ಅರ್ಧಕ್ಕೆ ನಿಂತಿದ್ದ ಕೆಲಸ, ಪುಶ್ ಮಾಡದ ಬ್ರಾಂಚ್, ಸ್ಟ್ಯಾಶ್ (ತಾತ್ಕಾಲಿಕವಾಗಿ ಎತ್ತಿಟ್ಟ ಬದಲಾವಣೆ) ಎಲ್ಲವೂ ಇದ್ದಲ್ಲೇ ಇರುತ್ತವೆ. ಎಚ್‌ಟಿಟಿಪಿಎಸ್ ವಿಳಾಸ ಬಳಸುವವರಿಗೆ ಪಾಸ್‌ವರ್ಡ್ ಬದಲು ಟೋಕನ್ ಬೇಕಾಗಬಹುದು. ಗಿಟ್‌ಹಬ್ ಅಂತೂ 2021ರ ಆಗಸ್ಟ್ 13ರಿಂದ ಗಿಟ್ ಕೆಲಸಗಳಿಗೆ ಖಾತೆಯ ಪಾಸ್‌ವರ್ಡನ್ನು ಒಪ್ಪುವುದಿಲ್ಲ.

ತಿಪಟೂರಿನ ಮಂಡಿಗಳಲ್ಲಿರುವಂತೆ ಒಂದೇ ಕಂಪ್ಯೂಟರ್‌ನಲ್ಲಿ ಹತ್ತಾರು ಕಡೆ ಹಳೆಯ ವಿಳಾಸ ಹರಡಿದ್ದರೆ, ಅಥವಾ ಹಳೆಯ ಕಮಿಟ್‌ಗಳ ಸಬ್‌ಮಾಡ್ಯೂಲ್‌ಗಳು ಹಳೆಯ ವಿಳಾಸವನ್ನೇ ಕೇಳುತ್ತಿದ್ದರೆ, ಗಿಟ್‌ನ ‘ಇನ್‌ಸ್ಟೆಡ್‌ಆಫ್’ ಎಂಬ ಸೌಲಭ್ಯ ಬಳಸಿ. ಗ್ಲೋಬಲ್ ಕಾನ್ಫಿಗ್‌ನಲ್ಲಿ ಹೊಸ ವಿಳಾಸದ ಆರಂಭದ ಭಾಗಕ್ಕೆ ಹಳೆಯದರ ಆರಂಭದ ಭಾಗವನ್ನು ಜೋಡಿಸಿಟ್ಟರೆ, ಗಿಟ್ ಹಳೆಯದು ಕಂಡಲ್ಲೆಲ್ಲ ತಾನೇ ಹೊಸದಕ್ಕೆ ಹೋಗುತ್ತದೆ.

ಕೊನೆಯ ಹೆಜ್ಜೆ: ಹಳೆಯದನ್ನು ಮುಚ್ಚುವುದು

ಹಳೆಯ ರೆಪೊಸಿಟರಿಯನ್ನು ತಕ್ಷಣ ಅಳಿಸಬೇಡಿ. ಅದರ ರೀಡ್‌ಮಿ ಕಡತದಲ್ಲಿ ಹೊಸ ವಿಳಾಸ ಬರೆದು, ಆಮೇಲೆ ಆರ್ಕೈವ್ ಮಾಡಿ. ಆರ್ಕೈವ್ ಮಾಡಿದ ರೆಪೊಸಿಟರಿಯನ್ನು ಓದಬಹುದು, ಬರೆಯಲಾಗದು. ರೀಡ್‌ಮಿಗೆ ಸೇರಿಸಿದ ಈ ಕಮಿಟ್ ಹಳೆಯ ಕಡೆ ಮಾತ್ರ ಇರುವುದರಿಂದ, ತಾಳೆ ನೋಡುವುದು ಮುಗಿದ ಮೇಲೆಯೇ ಇದನ್ನು ಮಾಡಬೇಕು. ಒಂದು ಸೇವೆಯಿಂದ ಇನ್ನೊಂದಕ್ಕೆ ವಿಳಾಸ ತಾನಾಗಿ ತಿರುಗುವುದಿಲ್ಲ. ಹೆಸರು ಬದಲಿಸಿದಾಗ ಗಿಟ್‌ಹಬ್ ಕೊಡುವ ಆ ಅನುಕೂಲ ಅದರ ಒಳಗಡೆಗಷ್ಟೇ ಸೀಮಿತ.

ಒಂದು ಪೂರ್ತಿ ತಿಂಗಳ ಲೆಕ್ಕ ಮುಗಿಯುವವರೆಗೆ, ಅಂದರೆ ಹರಾಜು, ಬಿಲ್ಲು, ಜಿಎಸ್‌ಟಿ ಎಲ್ಲವೂ ಹೊಸ ಕಡೆಯಿಂದ ಬಂದ ಅಪ್‌ಡೇಟ್‌ನೊಂದಿಗೆ ಒಂದು ಸುತ್ತು ಹಾಕುವವರೆಗೆ ಹಳೆಯ ಖಾತೆಯ ಚಂದಾ ನಿಲ್ಲಿಸದಿರುವುದು ವಾಸಿ. ತಿಂಗಳಿಗೊಮ್ಮೆ ಮಾತ್ರ ನಡೆಯುವ ಯಾವುದೋ ಸ್ಕ್ರಿಪ್ಟ್ ಹಳೆಯ ವಿಳಾಸವನ್ನೇ ನಂಬಿಕೊಂಡಿದ್ದರೆ ಅದು ಆ ಅವಧಿಯಲ್ಲೇ ಹೊರಬೀಳುತ್ತದೆ. ಅದಾದ ಮೇಲೆ ಹಳೆಯ ಸೇವೆಯ ಡಿಪ್ಲಾಯ್ ಕೀಗಳು, ವೈಯಕ್ತಿಕ ಟೋಕನ್‌ಗಳು, ವೆಬ್‌ಹುಕ್‌ಗಳು, ಸೀಕ್ರೆಟ್‌ಗಳು ಇವನ್ನೆಲ್ಲ ಮೊದಲ ಹೆಜ್ಜೆಯ ಸ್ಪ್ರೆಡ್‌ಶೀಟ್ ಎದುರಿಗಿಟ್ಟುಕೊಂಡು ಒಂದೊಂದಾಗಿ ರದ್ದುಮಾಡಿ, ಸ್ವಯಂಚಾಲಿತ ಪಾವತಿಗೆ ಕೊಟ್ಟಿದ್ದ ಕಾರ್ಡಿನ ವಿವರವನ್ನೂ ತೆಗೆದುಹಾಕಿ.